ತುರ್ತು ಹೆರಿಗೆ: ಮನೆಯವರ ತೀರ್ಮಾನವೇ ಮೊದಲ ಚಿಕಿತ್ಸೆ

ಮನೆಯ ಹೆಣ್ಣುಮಗಳಿಗೆ ಏಳು ತಿಂಗಳು ತುಂಬಿತೆಂದರೆ ಸಾಕು, ತಯಾರಿ ಶುರುವಾಗುತ್ತದೆ. ಮೆತ್ತನೆಯ ಹಳೆಯ ಸೀರೆಗಳನ್ನು ಹರಿದು ತೊಳೆದಿಡುತ್ತೇವೆ. ಅಟ್ಟದಲ್ಲಿದ್ದ ತೊಟ್ಟಿಲನ್ನು ಕೆಳಗಿಳಿಸುತ್ತೇವೆ. ಗಂಡಾದರೆ ಯಾವ ಹೆಸರು, ಹೆಣ್ಣಾದರೆ ಯಾವ ಹೆಸರು ಎಂದು ಹಿರಿಯರನ್ನು ಕೇಳುತ್ತೇವೆ. ಅಕೀಕದ ಖರ್ಚನ್ನೂ ಲೆಕ್ಕ ಹಾಕುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ರಾತ್ರಿ ಎರಡು ಗಂಟೆಗೆ ಅವಳಿಗೆ ಏನಾದರೂ ಆದರೆ, "ನಡೆಯಿರಿ, ಆಸ್ಪತ್ರೆಗೆ ಹೊರಡೋಣ" ಎಂದು ಹೇಳುವವರು ಯಾರು?

ಈ ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ತಿಳಿಸುವ ಒಂದು ಕುಟುಂಬದ ಅನುಭವವನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಮೊಣಕಾಲು ನೋವಿಗೆಂದು ನನ್ನ ದವಾಖಾನೆಗೆ ಬಂದಿದ್ದ ಅಜ್ಜಿಯೊಬ್ಬರ ಮಡಿಲಲ್ಲಿ ಐದು ತಿಂಗಳ ಮೊಮ್ಮಗಳಿದ್ದಳು. ಮಗುವಿನ ಮಾತು ಬಂದಾಗ ಇಡೀ ಕಥೆ ಹೊರಬಂತು. "ಬೇರೆಯವರಿಗೆ ಉಪಯೋಗ ಆಗೂದಾದ್ರ ಬರೀರಿ, ಹೆಸರು ಮಾತ್ರ ಬ್ಯಾಡ" ಎಂದರು. ಹಾಗಾಗಿ ಊರು, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಐವತ್ತು ನಿಮಿಷ

ಅಜ್ಜಿಯ ಮಗಳಿಗೆ ಇಪ್ಪತ್ಮೂರು ವರ್ಷ, ಚೊಚ್ಚಲ ಬಸಿರು. ಗಂಡ ಸೌದಿಯಲ್ಲಿ ಕೆಲಸದಲ್ಲಿದ್ದಾನೆ. ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟನೇ ತಿಂಗಳು ಆಗಷ್ಟೇ ಹಿಡಿದಿತ್ತು. ಎರಡು ದಿನದಿಂದ ತಲೆನೋವು ಇತ್ತು. ಕಾಲು ಊದಿಕೊಂಡಿತ್ತು, ಬೆಳಿಗ್ಗೆ ಎದ್ದಾಗ ಮುಖವೂ ಊದಿರುತ್ತಿತ್ತು. "ಬಸುರಿಗೆ ಕಾಲು ಬಾಯೂದು ಸಹಜ" ಎಂದು ಎಲ್ಲರೂ ಸುಮ್ಮನಿದ್ದರು. ಮೂರನೇ ರಾತ್ರಿ ಇಶಾ ನಮಾಝಿನ ಹೊತ್ತಿಗೆ ಕಣ್ಣು ಮಂಜಾಗುತ್ತಿದೆ ಎಂದಳು. ಎದೆಯ ಕೆಳಗೆ ಹೊಟ್ಟೆ ನೋಯುತ್ತಿದೆ ಎಂದಾಗ ಆಸಿಡಿಟಿ ಇರಬಹುದೆಂದು ಜೀರಿಗೆ ನೀರು ಕೊಟ್ಟರು. ನಡುರಾತ್ರಿ ಎರಡರ ಸುಮಾರಿಗೆ ಕೈಕಾಲು ಸೆಟೆದು ಫಿಟ್ಸ್ ಬಂತು.

ಆ ಮನೆಯಲ್ಲಿ ಮುಂದೆ ನಡೆದದ್ದು ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವಂಥದ್ದೇ. ಒಬ್ಬರು ಇದು ಸಾಯಾ ಇರಬೇಕು, ಮೊದಲು ದಮ್ ಮಾಡುವವರನ್ನು ಕರೆಸಿ ಎಂದರು. ಇನ್ನೊಬ್ಬರು ಕೈಗೆ ಕಬ್ಬಿಣ ಕೊಟ್ಟರು. ತಂದೆ ಬೀಗರಿಗೆ ಫೋನ್ ಮಾಡಿದರು. ಅವರು, "ಮಗನನ್ನು ಕೇಳಿ ಹೇಳ್ತೀವಿ, ಆಪರೇಷನ್ ಗಿಪರೇಷನ್ ಅಂದ್ರೆ ಅವನ ಒಪ್ಪಿಗೆ ಬೇಕಲ್ಲ" ಎಂದರು. ಸೌದಿಯಲ್ಲಿದ್ದ ಮಗ ಫೋನ್ ಎತ್ತಲಿಲ್ಲ. ಎಲ್ಲರೂ ಫೋನಿನತ್ತ ನೋಡುತ್ತಾ ಕುಳಿತರು.

ಅಷ್ಟರಲ್ಲಿ ಹುಡುಗಿಯ ತಮ್ಮ, ಪಿಯುಸಿ ಓದುವವನು, ಯಾರನ್ನೂ ಕೇಳದೆ ಓಡಿಹೋಗಿ ಓಣಿಯ ಆಶಾ ಕಾರ್ಯಕರ್ತೆಯನ್ನು ಎಬ್ಬಿಸಿ ಕರೆತಂದ. ಆಕೆ ಬಾಗಿಲಲ್ಲೇ ನಿಂತು, "ಅಮ್ಮಾ, ಇದು ಗಾಳಿ ಅಲ್ರೀ, ಬಿ.ಪಿ. ಏರೈತಿ. ಈಗಿಂದೀಗ ಹೊಂಡಬೇಕ್ರಿ" ಎಂದು ತಾನೇ 108ಕ್ಕೆ ಕರೆ ಮಾಡಿದರು. ಮೊದಲ ಫಿಟ್ಸಿನಿಂದ ಆ ಕರೆಯವರೆಗೆ ಐವತ್ತು ನಿಮಿಷ ಕಳೆದಿತ್ತು.

ತಾಯಂದಿರ ಮರಣಕ್ಕೆ ವಿಳಂಬ ಹೇಗೆ ಕಾರಣವಾಗುತ್ತದೆಂದು ಸೆರೀನ್ ಥಡ್ಡೆಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ವಿವರಿಸಿದ್ದರು. ಅವರು ಹೇಳಿದ ವಿಳಂಬಗಳು ಮೂರು: ಹೊರಡುವ ತೀರ್ಮಾನ ಮಾಡುವುದರಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಎರಡನೆಯದು ರಸ್ತೆ, ವಾಹನಗಳ ಕೈಯಲ್ಲಿದೆ. ಮೂರನೆಯದು ಸರಕಾರದ ಮತ್ತು ಆಸ್ಪತ್ರೆಯ ಕೈಯಲ್ಲಿದೆ. ಮೊದಲನೆಯದು ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇದೆ.

ಒಪ್ಪಿಗೆ ಯಾರದ್ದು?

ಇಲ್ಲಿ ಒಂದು ವಿಷಯ ಸ್ಪಷ್ಟವಾಗಲಿ. ಪ್ರಾಯಕ್ಕೆ ಬಂದ, ಪ್ರಜ್ಞೆಯಲ್ಲಿರುವ ಮಹಿಳೆಯ ಚಿಕಿತ್ಸೆಗೆ ಬೇಕಾದದ್ದು ಅವಳದೇ ಒಪ್ಪಿಗೆ. ಗಂಡನ ಸಹಿ ಇಲ್ಲದಿದ್ದರೆ ಸಿಸೇರಿಯನ್ ಮಾಡಬಾರದೆಂಬ ಕಾನೂನು ಇಲ್ಲ. ಅವಳು ಪ್ರಜ್ಞೆ ತಪ್ಪಿದ್ದರೆ ಜೊತೆಯಲ್ಲಿರುವ ಹತ್ತಿರದವರ ಸಹಿ ಪಡೆಯುತ್ತಾರೆ. ಯಾರೂ ಇಲ್ಲದಿದ್ದರೂ ಪ್ರಾಣ ಉಳಿಸುವ ಚಿಕಿತ್ಸೆಯನ್ನು ವೈದ್ಯರು ಮಾಡಬಹುದು. ಗಂಡನಿಗೆ ತಿಳಿಸಬೇಕು, ಖಂಡಿತ. ಆದರೆ ಆಂಬುಲೆನ್ಸಿನಲ್ಲಿ ಕುಳಿತು ತಿಳಿಸಬಹುದು.

ಲೇಡಿ ಡಾಕ್ಟರ್ ಇದ್ದಾರೋ ಇಲ್ಲವೋ ಎಂಬ ಚಿಂತೆಯೂ ನಮ್ಮ ಮನೆಗಳಲ್ಲಿ ಕಾಲನ್ನು ಹಿಂದಕ್ಕೆಳೆಯುತ್ತದೆ. ಮೊದಲೇ ವಿಚಾರಿಸಿ ಅಂಥ ಆಸ್ಪತ್ರೆಯನ್ನು ಆರಿಸಿಕೊಳ್ಳುವುದು ಒಳ್ಳೆಯದೇ. ಆದರೆ ಪ್ರಾಣಾಪಾಯದಲ್ಲಿ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯುವುದಕ್ಕೆ ಅನುಮತಿ ಇದೆ ಎಂಬುದನ್ನು ನಿಮ್ಮ ಊರಿನ ಯಾವ ಆಲಿಮರನ್ನು ಕೇಳಿದರೂ ಹೇಳುತ್ತಾರೆ. ಆ ಮಾತನ್ನು ತಿಂಗಳ ಮೊದಲೇ ಕೇಳಿಟ್ಟುಕೊಳ್ಳಿ, ನಡುರಾತ್ರಿಯಲ್ಲಿ ಅಲ್ಲ. ದುಆ ಮಾಡುವುದನ್ನು, ಓದಿ ಊದುವುದನ್ನು ಯಾರೂ ಬೇಡವೆನ್ನುವುದಿಲ್ಲ. ಅದನ್ನು ವಾಹನದಲ್ಲಿ ಹೋಗುತ್ತಲೇ ಮಾಡಬಹುದು.

ನಾನು ಯುನಾನಿ ವೈದ್ಯ. ಬಸುರಿಯರ ಮಲಬದ್ಧತೆಗೆ, ಹಸಿವಿಲ್ಲದಿರುವುದಕ್ಕೆ ಆಹಾರದ ಸಲಹೆ ಕೊಡುತ್ತೇನೆ. ಆದರೆ ಬಿ.ಪಿ. ಏರಿ ಬರುವ ಫಿಟ್ಸಿಗೆ, ರಕ್ತಸ್ರಾವಕ್ಕೆ, ಉಸಿರಾಡದ ಶಿಶುವಿಗೆ ನನ್ನ ಕಪಾಟಿನಲ್ಲಿ ಔಷಧವಿಲ್ಲ. ಯಾವ ಜೋಶಾಂದೆಯೂ, ಯಾವ ಮಾಜೂನೂ ಅಲ್ಲಿ ಕೆಲಸಕ್ಕೆ ಬಾರದು. ಸಾವಿರ ವರ್ಷದ ಹಿಂದೆಯೇ ಅಝ್ಝಹ್ರಾವಿ ತಮ್ಮ ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಕಷ್ಟದ ಹೆರಿಗೆಗೆ ಬೇಕಾದ ಉಪಕರಣಗಳನ್ನು ವಿವರಿಸಿದ್ದರು. ಹೆರಿಗೆ ಕೆಲವೊಮ್ಮೆ ಕಷಾಯದಿಂದ ಆಗದ ಕೆಲಸವೆಂದು ನಮ್ಮ ಹಳೆಯ ಹಕೀಮರಿಗೂ ಗೊತ್ತಿತ್ತು.

ತಾಯಿಗೆ ಆದದ್ದೇನು?

ಆ ಹುಡುಗಿಗೆ ಬಂದದ್ದು ಗರ್ಭಿಣಿಯರ ಏರುರಕ್ತದೊತ್ತಡದ ಕೊನೆಯ ಹಂತ. ವೈದ್ಯರು ಇದನ್ನು ಎಕ್ಲಾಂಪ್ಸಿಯಾ ಎನ್ನುತ್ತಾರೆ. ಗರ್ಭ ಧರಿಸಿ ಐದು ತಿಂಗಳಾದ ನಂತರ ಬಿ.ಪಿ. 140/90 ದಾಟಿದರೆ ಎಚ್ಚರ ವಹಿಸಬೇಕು. 160/110 ಮುಟ್ಟಿದರೆ ಅದು ತುರ್ತು ಸ್ಥಿತಿ. ಮಾಸುಚೀಲಕ್ಕೆ ಹೋಗುವ ರಕ್ತ ಕಡಿಮೆಯಾಗಿ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. ತಾಯಿಯ ಮೂತ್ರಪಿಂಡ, ಯಕೃತ್ತು, ಮಿದುಳು ಮೂರಕ್ಕೂ ಪೆಟ್ಟು ಬೀಳುತ್ತದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗಿನ ನೋವು, ಮುಖ ಮತ್ತು ಕೈ ಊದುವುದು ಇದರ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಬಿ.ಪಿ. ನೋಡಿಸಬೇಕು.

ಆಂಬುಲೆನ್ಸಿನವರು ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಆಕ್ಸಿಜನ್ ಕೊಟ್ಟರು. ತಾಲೂಕು ಆಸ್ಪತ್ರೆಯಲ್ಲಿ ಬಿ.ಪಿ. 170/110 ಇತ್ತು. ಅಲ್ಲಿ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟರು. ಫಿಟ್ಸ್ ಮರುಕಳಿಸದಂತೆ ತಡೆಯುವ ಮುಖ್ಯ ಔಷಧ ಇದೇ. ಬಿ.ಪಿ. ಇಳಿಸುವ ಔಷಧವನ್ನೂ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಈ ಕಾಯಿಲೆಗೆ ಪೂರ್ತಿ ಪರಿಹಾರ ಹೆರಿಗೆಯೇ. ಬೆಳಗಿನ ಫಜ್ರ್ ಅಝಾನ್ ಆಗುವ ಹೊತ್ತಿಗೆ ತಂದೆ ಸಹಿ ಹಾಕಿದರು, ಸಿಸೇರಿಯನ್ ಆಯಿತು. ಎರಡು ಬಾಟಲಿ ರಕ್ತ ಬೇಕಾದಾಗ ಮೊಹಲ್ಲಾದ ಹುಡುಗರು ಬಂದು ಕೊಟ್ಟರು. ರಾತ್ರಿ ಕಾಯುತ್ತಾ ಕುಳಿತದ್ದು ಆ ಸೌದಿ ಫೋನಿಗೆ. ಅದು ಬಂದಾಗ ಬೆಳಗಿನ ಏಳು ಗಂಟೆ. ಗಂಡ ಅಳುತ್ತಾ ಕೇಳಿದ್ದು ಒಂದೇ: "ನನ್ನನ್ನ ಯಾಕೆ ಕಾದ್ರಿ?"

ಗಾಜಿನ ಬಾಗಿಲಿನ ಆಚೆ

ಮಗು ಹೆಣ್ಣು, ತೂಕ 1,480 ಗ್ರಾಂ. ಹುಟ್ಟಿದಾಗ ಅಳಲಿಲ್ಲ. ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಉಸಿರಿನ ಸಹಾಯ ಸಿಗಬೇಕು. ಮೈ ಒರೆಸಿ, ಬೆನ್ನು ಉಜ್ಜಿ, ಆಗಲೂ ಉಸಿರಾಡದಿದ್ದರೆ ಮಾಸ್ಕ್ ಇಟ್ಟು ಬ್ಯಾಗಿನಿಂದ ಗಾಳಿ ಕೊಡುತ್ತಾರೆ. ಈ ಮಗುವಿಗೂ ಹಾಗೆಯೇ ಕೊಟ್ಟು, ಅಲ್ಲಿಂದ ನೇರವಾಗಿ ವಿಶೇಷ ನವಜಾತ ಶಿಶು ಆರೈಕೆ ಘಟಕಕ್ಕೆ ಒಯ್ದರು.

ತಾಯಿ ಒಂದು ವಾರ್ಡಿನಲ್ಲಿ, ಮಗು ಇನ್ನೊಂದು ವಾರ್ಡಿನಲ್ಲಿ. ಮಗುವಿನ ಮೂಗಿಗೆ ನಳಿಕೆ, ಕಾಲಿಗೆ ತಂತಿ, ಬಾಯಿಗೆ ಟ್ಯೂಬ್. ಅಜ್ಜಿ ಗಾಜಿನಿಂದ ನೋಡಿ ಕುಸಿದು ಕುಳಿತರಂತೆ. ಇಂಥ ಹೊತ್ತಿನಲ್ಲಿ ಮನೆಯವರ ಅರ್ಧ ಭಯ ತಿಳಿಯದೆ ಬರುವಂಥದ್ದು. ಆದ್ದರಿಂದ ಯಾವುದು ಏತಕ್ಕೆಂದು ತಿಳಿದುಕೊಳ್ಳೋಣ.

ಮೂಗಿನ ನಳಿಕೆ, ತಾನೇ ಉಸಿರಾಡುವ ಮಗುವಿನ ಶ್ವಾಸಕೋಶ ಮುಚ್ಚಿಹೋಗದಂತೆ ಸಣ್ಣ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್. ಕಾಲಿನ ತಂತಿ ಆಕ್ಸಿಜನ್ ಮಟ್ಟ ತೋರಿಸುತ್ತದೆ, ನೋವಾಗುವುದಿಲ್ಲ. ಸುಮಾರು 34 ವಾರಕ್ಕಿಂತ ಮೊದಲು ಹುಟ್ಟಿದ ಮಗುವಿಗೆ ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಅದಕ್ಕೇ ಬಾಯಿಯ ಟ್ಯೂಬಿನಿಂದ ಹಾಲು ಕೊಡುತ್ತಾರೆ. ನೀಲಿ ಬೆಳಕು ಕಾಮಾಲೆಗೆ. ಮನೆಯ ಎಳೆಬಿಸಿಲು ಅದರ ಬದಲಿಗೆ ಆಗುವುದಿಲ್ಲ. ಮೊದಲ ವಾರ ಮಗುವಿನ ತೂಕ ಇಳಿಯುವುದು ಸಹಜ. ಆಮೇಲೆ ಏರುತ್ತದೆ.

ಡಾಕ್ಟರರನ್ನು ಕೇಳಲು ಹಿಂಜರಿಯಬೇಡಿ. ಆದರೆ ಹತ್ತು ಮಂದಿ ಹತ್ತು ಸಲ ಕೇಳುವುದಕ್ಕಿಂತ ಮನೆಯಿಂದ ಒಬ್ಬರು ದಿನಕ್ಕೊಮ್ಮೆ ಕೇಳಿ ಉಳಿದವರಿಗೆ ತಿಳಿಸುವುದು ಉತ್ತಮ. ತೂಕ ಎಷ್ಟು, ಹಾಲು ಎಷ್ಟು, ಉಸಿರು ಹೇಗಿದೆ: ಈ ಮೂರು ಪ್ರಶ್ನೆಗಳು ಸಾಕು.

ಜೇನಿನ ಬಾಟಲಿ, ಅಜ್ಜಿಯ ಎದೆ

ಎರಡನೇ ದಿನ ಅಜ್ಜಿ ಸೆರಗಿನಲ್ಲಿ ಜೇನಿನ ಸಣ್ಣ ಬಾಟಲಿ, ನಾಲ್ಕು ಖರ್ಜೂರ ಕಟ್ಟಿಕೊಂಡು ಹೋಗಿದ್ದರು. ನರ್ಸ್ ತಡೆದರು. "ನಾಕು ಮಕ್ಕಳನ್ನ ಹಡೆದಾಕಿ ನಾನು, ನನಗ ಕಲಿಸ್ತೀಯೇನು?" ಎಂದು ಅಜ್ಜಿಗೆ ಸಿಟ್ಟು ಬಂತು. ನರ್ಸ್ ಮಾಡಿದ್ದು ಸರಿ. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಸೂಕ್ಷ್ಮಜೀವಿಯ ಬೀಜಗಳಿರಬಹುದು. ದೊಡ್ಡವರ ಕರುಳು ಅದನ್ನು ತಡೆದುಕೊಳ್ಳುತ್ತದೆ, ಶಿಶುವಿನದು ತಡೆಯುವುದಿಲ್ಲ. ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಜೇನು ಬೇಡ. ಘುಟ್ಟಿ, ಸಕ್ಕರೆ ನೀರು, ಮೇಕೆ ಹಾಲು ಕೂಡ ಬೇಡ. ಘಟಕದಲ್ಲಿರುವ ಮಗುವಿಗೆ ಅಗಿದ ಖರ್ಜೂರದ ತಹ್ನೀಕ್ ಮಾಡುವುದೂ ಅಪಾಯ. ನಮ್ಮ ಬಾಯಿಯ ಸೋಂಕು ಮಗುವಿಗೆ ತಗಲುತ್ತದೆ, ಉಸಿರುನಾಳಕ್ಕೂ ಸಿಕ್ಕಿಕೊಳ್ಳಬಹುದು. ಮಗು ಬಲಿತ ಮೇಲೆ ವೈದ್ಯರನ್ನೂ ಆಲಿಮರನ್ನೂ ಕೇಳಿ ಮುಂದುವರಿಯಿರಿ.

ಅಝಾನ್‌ಗೆ ತೊಂದರೆಯಾಗಲಿಲ್ಲ. ಮೂರನೇ ದಿನ ಅಜ್ಜನಿಗೆ ಒಳಗೆ ಬಿಟ್ಟರು. ಉಂಗುರ, ಗಡಿಯಾರ ತೆಗೆದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಗೌನ್ ತೊಟ್ಟು, ಮಗುವನ್ನು ಮುಟ್ಟದೆ ಪಕ್ಕದಲ್ಲಿ ನಿಂತು ಮೆಲುದನಿಯಲ್ಲಿ ಅಝಾನ್ ಹೇಳಿದರು. ನೀವೂ ಹೀಗೆ ಸಿಬ್ಬಂದಿಯನ್ನು ಕೇಳಿನೋಡಿ. ವಿನಯದಿಂದ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇನ್ನು ಏಳನೇ ದಿನದ ಅಕೀಕ ಮತ್ತು ತಲೆಕೂದಲು ತೆಗೆಸುವ ವಿಷಯ. ಮಗು ಆಸ್ಪತ್ರೆಯಲ್ಲಿದ್ದರೆ ಅದನ್ನು ಮುಂದೆ ಹಾಕಬಹುದೆಂದು ಉಲಮಾಗಳು ಹೇಳುತ್ತಾರೆ.

ಆ ಮಗುವಿಗೆ ಬೇಕಾದ ಔಷಧ ತಾಯಿಯ ಹಾಲೇ ಆಗಿತ್ತು. ತಾಯಿ ಹಾಸಿಗೆಯಿಂದ ಏಳಲಾರದ ಸ್ಥಿತಿಯಲ್ಲಿದ್ದಾಗಲೇ ನರ್ಸ್ ಬಂದು ಕೈಯಿಂದ ಹಾಲು ಹಿಂಡಿದರು. ಮೊದಲ ದಿನ ಬಂದದ್ದು ಕೆಲವೇ ಹನಿ, ಹಳದಿ ಬಣ್ಣದ ಗಿಣ್ಣುಹಾಲು. "ಇದೇನು ಸಾಕಾಗ್ತದ?" ಎಂದು ತಾಯಿ ಅತ್ತಳು. ಅಂಥ ಮಗುವಿನ ಹೊಟ್ಟೆಗೆ ಆರಂಭದಲ್ಲಿ ಬೇಕಾಗುವುದೇ ಒಂದೆರಡು ಮಿಲಿಲೀಟರ್. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಹಿಂಡುತ್ತಿದ್ದರೆ ಹಾಲು ತಾನಾಗಿ ಹೆಚ್ಚುತ್ತದೆ. ಅವಧಿಗೆ ಮೊದಲು ಹುಟ್ಟಿದ ಶಿಶುಗಳ ಕರುಳು ಕೊಳೆಯುವ ಭೀಕರ ಕಾಯಿಲೆಯೊಂದಿದೆ. ತಾಯಿಹಾಲು ಅದರ ಅಪಾಯವನ್ನು ಕಡಿಮೆ ಮಾಡುತ್ತದೆ. ಪುಡಿಹಾಲಿಗೆ ಆ ಗುಣ ಇಲ್ಲ. ನಮ್ಮ ಇಬ್ನ್ ಸೀನಾ ಕೂಡ ತಮ್ಮ ಕಾನೂನ್ ಗ್ರಂಥದಲ್ಲಿ ಶಿಶುವಿಗೆ ತಾಯಿಯ ಹಾಲಿಗೆ ಸಮನಾದುದಿಲ್ಲ ಎಂಬ ಅಭಿಪ್ರಾಯವನ್ನೇ ಬರೆದಿದ್ದಾರೆ.

ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಹಾಲಿನ ಬ್ಯಾಂಕ್ ಇದ್ದು, ಬೇರೆ ತಾಯಂದಿರು ದಾನ ಮಾಡಿದ ಹಾಲು ಕೊಡುತ್ತಾರೆ. ಹಾಲಿನ ಸಂಬಂಧದ ಪ್ರಶ್ನೆ ಇರುವುದರಿಂದ ಈ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಅಗತ್ಯ ಬೀಳಬಹುದೆಂದು ವೈದ್ಯರು ಹೇಳಿದರೆ ಅಂದೇ ನಿಮ್ಮ ಆಲಿಮರಿಗೆ ಫೋನ್ ಮಾಡಿ, ಮಗುವಿನ ಸ್ಥಿತಿ ವಿವರಿಸಿ ಕೇಳಿ. ತಾಯಿ ಬೇಗ ಹಿಂಡಲು ಶುರು ಮಾಡಿದರೆ ಬಹಳ ಕಡೆ ಆ ಪ್ರಶ್ನೆಯೇ ಬರುವುದಿಲ್ಲ.

ಐದನೇ ದಿನ ಸಿಪ್ಯಾಪ್ ತೆಗೆದಿದ್ದರು. ಮಗುವನ್ನು ಎದೆಗೆ ಅವಚಿಕೊಳ್ಳಲು ಯಾರಾದರೂ ಬೇಕು ಎಂದರು. ತಾಯಿಗೆ ಇನ್ನೂ ಬಿ.ಪಿ. ಹತೋಟಿಗೆ ಬಂದಿರಲಿಲ್ಲ. ಆಗ ಜೇನಿಗಾಗಿ ಜಗಳವಾಡಿದ್ದ ಅಜ್ಜಿಯೇ ಮುಂದೆ ಬಂದರು. ಪರದೆ ಎಳೆದು, ಮುಂದೆ ತೆರೆಯುವ ಗೌನ್ ಕೊಟ್ಟು, ಬರೀ ಟೊಪ್ಪಿ ಮತ್ತು ಡೈಪರ್‌ನಲ್ಲಿದ್ದ ಮಗುವನ್ನು ಅವರ ಎದೆಯ ಚರ್ಮಕ್ಕೆ ತಾಗಿಸಿ ಬಟ್ಟೆಯಿಂದ ಕಟ್ಟಿದರು. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ವೈದ್ಯರು ಇದನ್ನು ಆರಂಭಿಸಿದರು. ಈಗ ವಿಶ್ವ ಆರೋಗ್ಯ ಸಂಸ್ಥೆಯು 2022ರ ಮಾರ್ಗಸೂಚಿಯಲ್ಲಿ ಕಡಿಮೆ ತೂಕದ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಇದನ್ನು ಮಾಡಬೇಕೆನ್ನುತ್ತದೆ. ಮಗುವಿನ ಮೈ ಬೆಚ್ಚಗಿರುತ್ತದೆ, ಉಸಿರು ಸ್ಥಿರವಾಗುತ್ತದೆ, ಸೋಂಕು ಕಡಿಮೆಯಾಗುತ್ತದೆ, ತಾಯಿಗೆ ಹಾಲೂ ಹೆಚ್ಚುತ್ತದೆ. ತಾಯಿ, ತಂದೆ, ಅಜ್ಜಿ ಯಾರೂ ಮಾಡಬಹುದು.

"ಎದೀ ಮ್ಯಾಲ ಗುಬ್ಬಿ ಕುಂತಂಗಾತು ಡಾಕ್ಟರ್ ಸಾಬ್. ಆಮ್ಯಾಲೆ ಆ ನರ್ಸಮ್ಮ ಹೇಳಿದ್ದೆಲ್ಲಾ ಕೇಳಿದೆ" ಎಂದರು ಅಜ್ಜಿ.

ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ

ಇಪ್ಪತ್ತೆರಡನೇ ದಿನ 1,640 ಗ್ರಾಂ ತೂಕದ ಮಗುವನ್ನು ಮನೆಗೆ ಕಳಿಸಿದರು. ಹೆರಿಗೆಗೂ ಶಿಶುವಿನ ಚಿಕಿತ್ಸೆಗೂ ಹಣ ಕಟ್ಟಬೇಕಾಗಲಿಲ್ಲ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ತಾಯಿಯ ಊಟ, ಕಾಯಿಲೆಯ ಶಿಶುವಿನ ಚಿಕಿತ್ಸೆ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಮಗಳ ಬಳೆ ಅಡವಿಡಲು ಹೊರಟಿದ್ದ ತಂದೆಗೆ ಇದು ಗೊತ್ತಾದದ್ದು ಆಸ್ಪತ್ರೆಯ ಗೋಡೆಯ ಮೇಲಿನ ಬೋರ್ಡಿನಿಂದ.

ಹೊರಡುವಾಗ ಕೊಟ್ಟ ಚೀಟಿಯಲ್ಲಿ ಒಂದು ಸಾಲು ಇತ್ತು: ಕಣ್ಣಿನ ಪರೀಕ್ಷೆ. ಇದನ್ನು ಅನೇಕರು ಮರೆಯುತ್ತಾರೆ. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬುವ ಮೊದಲು ಹುಟ್ಟಿದ ಮಗುವಿನ ಕಣ್ಣಿನ ಹಿಂಪದರದಲ್ಲಿ ರಕ್ತನಾಳಗಳು ತಪ್ಪಾಗಿ ಬೆಳೆಯಬಹುದು. ಹೊರಗೆ ಏನೂ ಕಾಣುವುದಿಲ್ಲ. ಹುಟ್ಟಿದ ನಾಲ್ಕು ವಾರದೊಳಗೆ ಪರೀಕ್ಷಿಸಿ ಅಗತ್ಯವಿದ್ದರೆ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ. ತಡವಾದರೆ ಮಗು ಶಾಶ್ವತವಾಗಿ ಕುರುಡಾಗಬಹುದು. ಇನ್ನೂ ಬೇಗ, ಅಂದರೆ 28 ವಾರದ ಮೊದಲು ಹುಟ್ಟಿದ್ದರೆ ಎರಡು ಮೂರು ವಾರದಲ್ಲೇ ತೋರಿಸಬೇಕು. ಕಿವಿಯ ಪರೀಕ್ಷೆಯನ್ನೂ ಮಾಡಿಸಬೇಕು. ಈ ಮಗುವನ್ನು ಮಾಮಾ, ಅದೇ ಪಿಯುಸಿ ಹುಡುಗ, ಹೇಳಿದ ದಿನಕ್ಕೆ ಸರಿಯಾಗಿ ಕರೆದೊಯ್ದ. ಕಣ್ಣು ಚೆನ್ನಾಗಿದೆ.

ಮನೆಯಲ್ಲಿ ನೋಡಲು ಬರುವವರು ಮಗುವಿಗೆ ಮುತ್ತಿಡುವುದನ್ನು, ಕೈಯಿಂದ ಕೈಗೆ ಕೊಡುವುದನ್ನು ನಿಲ್ಲಿಸಿ. ಸೋಪಿನಿಂದ ಕೈ ತೊಳೆಯದೆ ಯಾರೂ ಮುಟ್ಟಬಾರದು. ಕಣ್ಣಿಗೆ ಸುರ್ಮಾ ಬೇಡ, ಅನೇಕ ಸುರ್ಮಾಗಳಲ್ಲಿ ಸೀಸ ಇರುತ್ತದೆ. ಹೊಕ್ಕುಳಿಗೆ ಎಣ್ಣೆ, ಬೂದಿ, ಪೌಡರ್ ಬೇಡ. ಲೋಬಾನದ ಹೊಗೆ ಬೇಡ. ಸಣ್ಣ ಮಗುವಿನ ಶ್ವಾಸಕೋಶ ಅದನ್ನು ತಾಳುವುದಿಲ್ಲ. ಮಗು ಹಾಲು ಬಿಟ್ಟರೆ, ನಿಮಿಷಕ್ಕೆ 60 ಮತ್ತು ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಎದೆ ಒಳಗೆ ಸೆಳೆದುಕೊಂಡರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ತಾಯಿಯನ್ನೂ ಮರೆಯಬೇಡಿ. ಹೆರಿಗೆಯ ನಂತರವೂ ಫಿಟ್ಸ್ ಬರಬಹುದು. ಆರು ವಾರದವರೆಗೆ ಬಿ.ಪಿ. ನೋಡಿಸುತ್ತಿರಬೇಕು, ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಮುಂದಿನ ಬಸಿರಿನಲ್ಲಿ ಮೂರನೇ ತಿಂಗಳು ತುಂಬುವಾಗಲೇ ವೈದ್ಯರಿಗೆ ಈ ಹಳೆಯ ಚೀಟಿ ತೋರಿಸಬೇಕು. ಕಾಯಿಲೆ ಮರುಕಳಿಸುವ ಅಪಾಯ ತಗ್ಗಿಸಲು ಅವರು ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಕ್ಯಾಲ್ಸಿಯಂ ಬರೆಯಬಹುದು.

ಏಳನೇ ತಿಂಗಳಲ್ಲಿ ಮಾತನಾಡಿಕೊಳ್ಳಬೇಕಾದದ್ದು

ಬಸುರಿ, ಅವಳ ಗಂಡ, ಅತ್ತೆ, ತಾಯಿ ನಾಲ್ವರೂ ಒಟ್ಟಿಗೆ ಕುಳಿತು, ಗಂಡ ದೂರದಲ್ಲಿದ್ದರೆ ಫೋನಿನಲ್ಲಿ ಸೇರಿಸಿಕೊಂಡು, ಇವಿಷ್ಟನ್ನು ತೀರ್ಮಾನಿಸಿ ಒಂದು ಹಾಳೆಯಲ್ಲಿ ಬರೆಯಿರಿ:

1. ಅಪಾಯದ ಸೂಚನೆ ಕಂಡರೆ ಮನೆಯಲ್ಲಿರುವವರು ಯಾರನ್ನೂ ಕೇಳದೆ ಹೊರಡಬೇಕು. ಗಂಡ ಈ ಮಾತನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಲಿ. ಬಸುರಿ ತಾನೇ "ಹೋಗೋಣ" ಎಂದರೆ ಅದೇ ಕೊನೆಯ ಮಾತು.

2. ಅಪಾಯದ ಸೂಚನೆಗಳು: ಬಿಡದ ತಲೆನೋವು, ಕಣ್ಣು ಮಂಜು, ಫಿಟ್ಸ್, ಸ್ವಲ್ಪವಾದರೂ ರಕ್ತಸ್ರಾವ, ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಜ್ವರ, ತಿಂಗಳು ತುಂಬುವ ಮೊದಲೇ ನೋವು.

3. 108 ಬಾರದಿದ್ದರೆ ಯಾರ ಮನೆಯ ವಾಹನ? ಅವರಿಗೆ ಈಗಲೇ ಹೇಳಿಡಿ. ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಬರೆದಿಡಿ.

4. ಸಿಸೇರಿಯನ್ ಸೌಲಭ್ಯ, ರಕ್ತನಿಧಿ, ನವಜಾತ ಶಿಶು ಘಟಕ ಮೂರೂ ಇರುವ ಹತ್ತಿರದ ಆಸ್ಪತ್ರೆ ಯಾವುದು?

5. ಬಸುರಿಯ ರಕ್ತದ ಗುಂಪು, ಅದೇ ಗುಂಪಿನ ಇಬ್ಬರ ಹೆಸರು.

6. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಸ್ಕ್ಯಾನಿಂಗ್ ಚೀಟಿಗಳು ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ.

ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಬಿ.ಪಿ., ಮೂತ್ರ, ರಕ್ತ ನೋಡುತ್ತಾರೆ. ಆ ಹುಡುಗಿ ಏಳನೇ ತಿಂಗಳ ತಪಾಸಣೆಯನ್ನು ತವರಿಗೆ ಬರುವ ಗಡಿಬಿಡಿಯಲ್ಲಿ ತಪ್ಪಿಸಿಕೊಂಡಿದ್ದಳು. ಊರು ಬದಲಿಸುವ ಬಸುರಿಯರಲ್ಲಿ ಹೀಗೆ ಆಗುವುದು ಹೆಚ್ಚು. ಹೆಣ್ಣುಮಗಳನ್ನು ತವರಿಗೆ ಕರೆತಂದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ, ಬಿ.ಪಿ. ನೋಡಿಸಿ. ಬರೆದ ಹಾಳೆಯನ್ನು ಕಪಾಟಿನ ಒಳಗಿಡಬೇಡಿ. ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬಾಗಿಲಿಗೆ ಅಂಟಿಸಿ.